ಕಂಡುಹಿಡಿದವರ ಹೆಸರು

"ಕೈ ತೆಗೀರಿ ಅಂದೆ."

ನಂದಕುಮಾರ್ ತಲೆ ಎತ್ತಿ ನೋಡಿದ. ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ ಹುಡುಗಿಯ ಮುಖಕ್ಕೆ ಮಾಸ್ಕ್ ಇತ್ತು. ಮೈಮೇಲೆ ಆಸ್ಪತ್ರೆಯವರು ಕೊಟ್ಟ ಗೌನು. ಕಣ್ಣು ಮಾತ್ರ ಕಾಣುತ್ತಿತ್ತು. ಅಳು ಕಟ್ಟಿಕೊಂಡಿದ್ದ ಕಣ್ಣು... ಆದರೆ ಅವಳು ಅಳುತ್ತಿರಲಿಲ್ಲ.

"ಮೇಡಂ, ನಾನು ಮಗೂನ ಮುಟ್ಟಿಲ್ಲ. ಮಾನಿಟರ್ ನೋಡೋಕೆ ಬಂದಿದ್ದೀನಿ. ಸಿಗ್ನಲ್ ಬರ್ತಿಲ್ಲ. ಎದೆ ಮೇಲಿನ ಸ್ಟಿಕ್ಕರ್ ಬದಲಾಯಿಸ್ಬೇಕು."

"ಬೆಳಗ್ಗೆಯಿಂದ ಇದು ಮೂರನೇ ಸಲ. ಆ ಸ್ಟಿಕ್ಕರ್ ಕಿತ್ತಾಗೆಲ್ಲ ಚರ್ಮನೂ ಜೊತೆಗೆ ಬರ್ತಿದೆ. ನಿಮಗೆ ಕಾಣ್ಸಲ್ವಾ?"

ಅವನು ಬಗ್ಗಿ ನೋಡಿದ. ಗಾಜಿನ ಪೆಟ್ಟಿಗೆಯೊಳಗೆ ಒಂದು ಕೆ.ಜಿ.ಗಿಂತ ಸ್ವಲ್ಪವೇ ಹೆಚ್ಚು ತೂಕದ ಹೆಣ್ಣುಮಗು. ಎದೆಯ ಎಡಭಾಗದಲ್ಲಿ ಎಂಟಾಣೆ ಅಗಲದ ಕೆಂಪು ಗಾಯ. ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದ್ದ ಚರ್ಮ ಎದ್ದುಹೋಗಿತ್ತು.

ಅದು 2010ರ ಜುಲೈ. ಹೆಬ್ಬಾಳದ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳನ್ನು ಇಡುವ ವಾರ್ಡು. ಮಗುವಿನ ತಾಯಿ ಪದ್ಮಶ್ರೀ ಆಪರೇಷನ್ ಆಗಿ ಮೇಲಿನ ಮಹಡಿಯಲ್ಲಿ ಮಲಗಿದ್ದಳು. ಅಕ್ಕನ ಬದಲು ಮಗುವಿನ ಹತ್ತಿರ ಕೂತಿದ್ದವಳು ತಂಗಿ ರಾಧಾಮಣಿ.

ನಂದಕುಮಾರ್ ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಇಂಥ ಮಾತು ಕೇಳಿ ಅವನಿಗೆ ಅಭ್ಯಾಸವಿತ್ತು. ಸಾಮಾನ್ಯವಾಗಿ ನರ್ಸ್ ಕಡೆ ಕೈ ತೋರಿಸಿ ಹೊರಟುಬಿಡುತ್ತಿದ್ದ. ಅವತ್ತು ಯಾಕೋ ಹೋಗಲಿಲ್ಲ.

"ಸ್ಟಿಕ್ಕರ್ ಇಲ್ದಿದ್ರೆ ಮಗು ಉಸಿರು ನಿಂತ್ರೂ ನಮಗೆ ಗೊತ್ತಾಗಲ್ಲ" ಅಂದ ಮೆಲ್ಲಗೆ. "ಬೇರೆ ದಾರಿ ನನಗೆ ತಿಳೀದು. ನಿಮಗೆ ಗೊತ್ತಿದ್ರೆ ಹೇಳಿ. ಅಣಕಕ್ಕೆ ಕೇಳ್ತಿಲ್ಲ."

ಅವಳು ಕೈ ಬಿಟ್ಟಳು.

'ಬೈತಾನೆ ಅಂದ್ಕೊಂಡಿದ್ದೆ... ಇವನೇನು, ನನ್ನನ್ನೇ ಕೇಳ್ತಿದಾನೆ.'

* * *

ರಾಧಾಮಣಿ ಪಿಯುಸಿಯಲ್ಲಿ ಫೇಲಾದವಳು. ಆದರೆ ಯಶವಂತಪುರದ ಹತ್ತಿರದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅವಳಿಗೆ ಬೇರೆಯದೇ ಮರ್ಯಾದೆ ಇತ್ತು. ಅವಳು ಸ್ಯಾಂಪಲ್ ಟೈಲರ್. ಸಾವಿರಾರು ಅಂಗಿ ಹೊಲಿಯುವ ಮೊದಲು, ಚಿತ್ರ ನೋಡಿ ಮೊದಲ ಅಂಗಿಯನ್ನು ಹೊಲಿದು ತೋರಿಸುವವರು ಸ್ಯಾಂಪಲ್ ಟೈಲರ್‌ಗಳು. ಬಟ್ಟೆ ಎಲ್ಲಿ ಎಳೆಯುತ್ತದೆ, ಯಾವ ದಾರ ಎಲ್ಲಿ ಸೋಲುತ್ತದೆ ಎಂದು ಅವಳ ಬೆರಳಿಗೇ ಗೊತ್ತಾಗುತ್ತಿತ್ತು. ಹೊಲಿದ ಪ್ರತಿ ತುಂಡಿಗೂ ತಾರೀಖು, ಹೊಲಿಗೆಯ ಬಗೆ ಬರೆದು ಚೀಟಿ ಕಟ್ಟುವುದು ಅಲ್ಲಿನ ರೂಢಿ. ಪ್ರತಿಯೊಂದಕ್ಕೂ ಅಂಥದ್ದೇ ಇನ್ನೊಂದು ಜೋಡಿ ತುಂಡು ಹೊಲಿದು ತನ್ನ ಹತ್ತಿರ ಇಟ್ಟುಕೊಳ್ಳುವುದು ಅವಳ ರೂಢಿ.

ಮೂರನೇ ದಿನ ಅವಳು ಅಂಗೈಯಗಲದ ಒಂದು ಬನಿಯನ್ ಹೊಲಿದುಕೊಂಡು ಬಂದಳು. ಎಳೆದರೆ ಹಿಗ್ಗುವ ಮೆತ್ತನೆಯ ರಿಬ್ ಬಟ್ಟೆ. ಹೊಲಿಗೆಯೆಲ್ಲ ಹೊರಮೈಗೆ.

"ಇದು ಎದೆಗೆ ಅಪ್ಕೊಂಡು ಕೂರುತ್ತೆ. ಅಂಟು ಬೇಡ. ನಿಮ್ಮ ವೈರನ್ನ ಇದರಲ್ಲೇ ಹೊಲಿಯೋಕಾಗಲ್ವಾ?"

ಅವನು ನಗಲಿಲ್ಲ. ಬನಿಯನ್ನನ್ನು ಬೆರಳಿಗೆ ಹಾಕಿ ಎಳೆದು ನೋಡುತ್ತಾ ನಿಂತ.

"ಬೆಳ್ಳಿ ಲೇಪ ಇರೋ ದಾರ ಸಿಗುತ್ತೆ. ಕರೆಂಟ್ ಹರಿಯುತ್ತೆ ಅದರಲ್ಲಿ. ಆದ್ರೆ ಹೊಲಿಯೋಕೆ ಹೋದ್ರೆ ತುಂಡಾಗುತ್ತೆ ಅಂತಾರೆ."

"ತರ್ಸಿ. ನೋಡೋಣ" ಅಂದಳು ರಾಧಾಮಣಿ.

ಆ ಮಗು ಬದುಕಿತು, ಒಂದೂವರೆ ತಿಂಗಳಿಗೆ ಮನೆಗೂ ಹೋಯಿತು. ಬಟ್ಟೆಯ ಕೆಲಸ ಮಾತ್ರ ನಿಲ್ಲಲಿಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ಫ್ಯಾಕ್ಟರಿಯಿಂದ ಅವಳು ಸೀದಾ ಆಸ್ಪತ್ರೆಯ ನೆಲಮಾಳಿಗೆಯ ವರ್ಕ್‌ಶಾಪಿಗೆ ಬರುತ್ತಿದ್ದಳು. ನಂದಕುಮಾರ್ ಎಲ್ಲಿಂದಲೋ ಒಂದು ಹಳೆಯ ಜಿಗ್‌ಜಾಗ್ ಹೊಲಿಗೆ ಮೆಷಿನ್ ತಂದಿಟ್ಟಿದ್ದ. ಬೆಳ್ಳಿ ದಾರ ಸೂಜಿಗೆ ಪೋಣಿಸಿದರೆ ಹತ್ತು ಹೊಲಿಗೆಗೆ ಒಮ್ಮೆ ತುಂಡಾಗುತ್ತಿತ್ತು. ತುಂಡಾಗದೆ ಬಂದರೂ, ಬಟ್ಟೆ ಎಳೆದ ಕೂಡಲೇ ಸಿಗ್ನಲ್ ಹೋಗುತ್ತಿತ್ತು. ನಾಲ್ಕು ತಿಂಗಳು ಹೀಗೇ ಹೋಯಿತು. ನಂದಕುಮಾರ್ ಬೇರೆ ದಾರ ತರಿಸೋಣ ಎಂದು ಹೊರಟಿದ್ದ.

ಒಂದು ಶನಿವಾರ ಅವಳು ಸುಮ್ಮನೆ ದಾರ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು.

"ಸೂಜಿ ದಾರ ಬಟ್ಟೆಯೊಳಗೆ ಹೋಗಿ ಬಂದು ಉಜ್ಜಾಡುತ್ತೆ. ಕೆಳಗಿನ ಬಾಬಿನ್ ದಾರ ಹಂಗಲ್ಲ, ಇದ್ದಲ್ಲೇ ಮಲ್ಗಿರುತ್ತೆ. ಇದನ್ನ ಬಾಬಿನ್‌ಗೆ ಸುತ್ತೋಣ. ಮೇಲೆ ಮಾಮೂಲಿ ದಾರ. ನೇರ ಹೊಲಿಗೆ ಬೇಡ, ಹಾವು ಹೋದಂಗೆ ಹೊಲೀತೀನಿ. ಬಟ್ಟೆ ಎಳೆದಾಗ ದಾರದ ಮಡಿಕೆ ಬಿಚ್ಕೊಳ್ಳಲಿ, ದಾರ ಎಳೆಸ್ಕೊಳ್ಳೋದು ಬೇಡ."

ಅರ್ಧ ಗಂಟೆಯಲ್ಲಿ ಎರಡು ಪಟ್ಟಿ ಸಿದ್ಧವಾದವು. ಅವಳ ಎರಡೂ ಮಣಿಕಟ್ಟಿಗೆ ಅವನೇ ಕಟ್ಟಿದ. ವೈರು ಸಿಕ್ಕಿಸಿದ. ಅವಳು ಕೈ ಅಲುಗಾಡಿಸಿದಳು, ಮಡಚಿದಳು... ಪರದೆಯ ಮೇಲಿನ ಹಸಿರು ಗೆರೆ ಮುರಿಯಲೇ ಇಲ್ಲ.

"ಬಂತು" ಅಂದ ಅವನು.

"ಪಕ್ಕದಲ್ಲಿ ನೂರಾ ಹದಿನೆಂಟು ಅಂತ ಇದೆಯಲ್ಲ, ಅದೇನು?"

"ನಿಮ್ಮ ಎದೆಬಡಿತ. ಸುಮ್ನೆ ಕೂತೋರಿಗೆ ಎಂಬತ್ತು ಇರ್ಬೇಕು."

ಅವಳ ಕಿವಿ ಕೆಂಪಾಯಿತು. ಪಟ್ಟಿ ಬಿಚ್ಚಿ ಅವನ ಮುಂದಿಟ್ಟಳು.

"ನೀವು ಕಟ್ಕೊಳ್ಳಿ."

ಕಟ್ಟಿಕೊಂಡ. ನೂರಾ ಇಪ್ಪತ್ತೊಂದು.

ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತರು. ಮುಖ ನೋಡಿಕೊಳ್ಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಮೆಷಿನ್ ಸರಿಯಾಗಿದೆಯಾ?" ಅಂದಳು ಕೊನೆಗೆ.

"ಮೆಷಿನ್ ಸರಿಯಾಗೇ ಇದೆ."

* * *

ಆಮೇಲೆ ಅವಳ ಬದುಕಿನ ಒಳ್ಳೆಯ ಒಂದು ವರ್ಷ. ಭಾನುವಾರ ಸಂಜೆ ಜಕ್ಕೂರು ಕೆರೆ ಏರಿಯ ಮೇಲೆ ನಡೆಯುತ್ತಿದ್ದರು. ಅವಳ ಅಪ್ಪ ಮುನಿಕೃಷ್ಣಪ್ಪ ಅಲ್ಲಿನ ವಿಮಾನ ತರಬೇತಿ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆಲಸದಲ್ಲಿದ್ದರು. ಅವರ ಕಣ್ಣಿಗೆ ಬೀಳದಂತೆ ಕೆರೆಯ ಆಚೆ ಬದಿಗೆ ಹೋಗುತ್ತಿದ್ದರು ಇಬ್ಬರೂ.

ಅವನು 'ನೀನು' ಅನ್ನತೊಡಗಿದ್ದ. ಅವಳ ಬಾಯಿಗೆ 'ನೀವು' ಬಿಟ್ಟು ಬೇರೆ ಬರಲಿಲ್ಲ.

"ಬಟ್ಟೆ ಕೆಲಸ ಒಂದು ದಡಕ್ಕೆ ಬರ್ಲಿ. ನಿಮ್ಮಪ್ಪನ ಹತ್ರ ಬಂದು ಮಾತಾಡ್ತೀನಿ."

"ನಮ್ಮಪ್ಪ ನಿಮ್ಮ ಓದು ನೋಡಿ ಹೆದರ್ಕೋತಾರೆ."

"ನಿನ್ನ ಬುದ್ಧಿ ನೋಡಿ ನಾನು ಹೆದರ್ಕೊಂಡಿಲ್ವಾ?"

ಅನುಮತಿ ಪಡೆದು ಹನ್ನೆರಡು ಮಕ್ಕಳಿಗೆ ಆ ಬನಿಯನ್ ಹಾಕಿ ನೋಡಿದರು. ವಾರ್ಡಿನ ಹಿರಿಯ ನರ್ಸ್ ನೂರ್‌ಜಹಾನ್ ಒಂದೊಂದು ಮಗುವಿನ ಎದೆಯನ್ನೂ ತಾನೇ ಪರೀಕ್ಷಿಸಿ ಬರೆದಿಟ್ಟರು. ಯಾವ ಮಗುವಿಗೂ ಗಾಯವಾಗಲಿಲ್ಲ.

ಅದಾದ ಮೇಲೆ, 2012ರ ಫೆಬ್ರವರಿಯಲ್ಲಿ, ಸಂಶೋಧನಾ ವಿಭಾಗದ ಮುಖ್ಯಸ್ಥ ಡಾಕ್ಟರ್ ಅಶ್ವತ್ಥಪ್ಪ ನಂದಕುಮಾರ್‌ನನ್ನು ಕೊಠಡಿಗೆ ಕರೆಸಿದರು. ಮೇಜಿನ ಮೇಲೆ ಪೇಟೆಂಟ್ ಅರ್ಜಿ ಇತ್ತು. ಕಂಡುಹಿಡಿದವರು ಎಂಬಲ್ಲಿ ಎರಡೇ ಹೆಸರು. ಅವರದು, ಇವನದು.

"ಸಾರ್, ರಾಧಾಮಣಿ ಹೆಸರು ಬಿಟ್ಟೋಗಿದೆ."

"ಯಾರು, ಆ ಟೈಲರ್ ಹುಡುಗೀನಾ? ನೋಡಪ್ಪಾ, ಕಟ್ಟಡಕ್ಕೆ ಇಂಜಿನಿಯರ್ ಹೆಸರು ಹಾಕ್ತಾರೆ. ಗಾರೆ ಕೆಲಸದೋರ ಹೆಸರು ಹಾಕ್ತಾರಾ?"

"ಬಾಬಿನ್ ಯೋಚ್ನೆ ಅವಳದು ಸಾರ್. ಆ ಹೊಲಿಗೆ ಇಲ್ದಿದ್ರೆ..."

"ಪಿಯುಸಿ ಫೇಲಾದೋಳು ನಮ್ಮ ಆಸ್ಪತ್ರೆ ಪೇಟೆಂಟಲ್ಲಿ ಇದ್ರೆ ಹೊರಗಡೆ ಏನಂತಾರೆ? ಆಮೇಲೆ ನೋಡೋಣ, ಸೇರ್ಸೋಕೆ ದಾರಿ ಇರುತ್ತೆ. ಅಂದಹಾಗೆ ನಿಮ್ಮ ಕಾಂಟ್ರ್ಯಾಕ್ಟ್ ಮಾರ್ಚ್‌ಗೆ ಮುಗಿಯುತ್ತೆ ಅಲ್ವಾ?"

ಡಾಕ್ಟರ್ ಪೆನ್ನು ಮುಂದೆ ಚಾಚಿದರು.

'ಆಮೇಲೆ ಸೇರಿಸಿದ್ರಾಯ್ತು... ಕೆಲಸ ಹೋದ್ರೆ ಅವಳಪ್ಪನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ...'

ನಂದಕುಮಾರ್ ಸಹಿ ಹಾಕಿದ.

* * *

ಏಪ್ರಿಲ್‌ನಲ್ಲಿ ಆಸ್ಪತ್ರೆಯ ಸಭಾಂಗಣದಲ್ಲಿ ಸಮಾರಂಭ. ರಾಧಾಮಣಿ ಅಕ್ಕನ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಪರದೆಯ ಮೇಲೆ ಅವಳು ಹೊಲಿದ ಬನಿಯನ್ನಿನ ದೊಡ್ಡ ಚಿತ್ರ ಮೂಡಿತು. ಕೆಳಗೆ ಇಂಗ್ಲಿಷಿನಲ್ಲಿ ಹೆಸರುಗಳು.

ಒಂದು... ಎರಡು... ಮೂರನೆಯದು ಮುಂದಿನ ಪುಟದಲ್ಲಿ ಬರಬಹುದು ಎಂದು ಕಾದಳು. ಮುಂದಿನ ಪುಟದಲ್ಲಿ ಆಸ್ಪತ್ರೆಯ ಕಟ್ಟಡ ಬಂತು.

"ನಮಗೆ ಹೊಲಿಗೆಯಲ್ಲಿ ಸಹಾಯ ಮಾಡಿದ ಟೈಲರ್ ಕೂಡ ಇಲ್ಲಿದ್ದಾರೆ" ಅಂದರು ಡಾಕ್ಟರ್ ಅಶ್ವತ್ಥಪ್ಪ. "ಏಳಮ್ಮಾ, ಎದ್ದು ನಿಂತ್ಕೋ."

ಅವಳು ಎದ್ದು ಕೈ ಮುಗಿದಳು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಕೂತಿದ್ದ ನಂದಕುಮಾರ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಆಗಲೇ ಅವಳಿಗೆ ಎಲ್ಲ ಅರ್ಥವಾಯಿತು.

ಮೆಟ್ಟಿಲ ಹತ್ತಿರ ಅವನು ಓಡಿ ಬಂದು ಅಡ್ಡ ನಿಂತ.

"ರಾಧಾ, ಒಂದ್ನಿಮಿಷ..."

"ನನ್ನ ಹೆಸರಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಅವನು ಹೂಂ ಎಂದು ತಲೆಯಾಡಿಸಿದ.

"ಸೈನ್ ಮಾಡಿದ ಪೇಪರ್‌ನಲ್ಲಿ ಏನಂತ ಬರ್ದಿತ್ತು?"

"ಇದನ್ನ ಕಂಡುಹಿಡಿದವರು ನಾವಿಬ್ರೇ ಅಂತ."

"ಓದಿ ಮಾಡಿದ್ರಾ, ಓದ್ದೆ ಮಾಡಿದ್ರಾ?"

"...ಓದಿದ್ದೆ."

ಓದಿರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಅವಳು ನಂಬಿಬಿಡುತ್ತಿದ್ದಳೇನೋ. ಅವಳ ಮನಸ್ಸು ಅದಕ್ಕೇ ಕಾದಿತ್ತು.

"ಆಮೇಲೆ ಸೇರ್ಸೋಣ ಅಂದ್ಕೊಂಡೆ. ಕೆಲಸ ಹೋಗುತ್ತೆ ಅಂತ ಭಯ ಆಯ್ತು. ನಮ್ಮಿಬ್ಬರಿಗೋಸ್ಕರಾನೇ..."

"ನನ್ನ ಹೆಸರು ಹೇಳ್ಬೇಡಿ ಇದ್ರಲ್ಲಿ" ಅಂದಳು. ದನಿ ಏರಲಿಲ್ಲ. "ಎರಡು ತಿಂಗಳಿಂದ ಕೆರೆ ಏರಿ ಮೇಲೆ ನನ್ನ ಪಕ್ಕ ನಡೀತಿದ್ರಲ್ಲ, ಒಂದ್ಸಲನಾದ್ರೂ ಬಾಯಿ ಬಿಡ್ಬೋದಿತ್ತು. ನಮ್ಮಪ್ಪನ ಹತ್ರ ಬರ್ತೀನಿ ಅಂದಿದ್ರಿ. ಬರ್ಬೇಡಿ."

* * *

ಒಂಬತ್ತನೇ ದಿನ ಆಸ್ಪತ್ರೆಯ ಗುಮಾಸ್ತ ಸುರೇಶ್ ಜಕ್ಕೂರಿನ ಹಳೇ ಊರಿನಲ್ಲಿದ್ದ ಅವಳ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಒಂದು ಕಾಗದ. 'ನಾನು ಕೂಲಿ ಪಡೆದು ಹೊಲಿದುಕೊಟ್ಟಿದ್ದೇನೆ, ಬೇರೆ ಯಾವ ಹಕ್ಕೂ ನನಗಿಲ್ಲ' ಎಂದು ಅದರ ಸಾರಾಂಶ.

"ಇದು ನಂದಕುಮಾರ್ ಅವರಿಗೆ ಗೊತ್ತಾ?"

"ಅಯ್ಯೋ, ಅವರೇ ಅಡ್ರೆಸ್ ಕೊಟ್ಟು ಕಳ್ಸಿದ್ದು ಕಣಮ್ಮಾ."

ಮುನಿಕೃಷ್ಣಪ್ಪ ಬಾಗಿಲಲ್ಲಿ ನಿಂತಿದ್ದರು. "ಯಾಕಮ್ಮಿ ಇಂಗೆ ಮಖ ಮಾಡ್ಕೊಂಡಿದ್ದೀಯ? ಬ್ಯಾಡ ಅನ್ನಿಸಿದ್ರೆ ಸೈನ್ ಆಕ್ಬೇಡ."

"ಹಾಕ್ತೀನಿ ಬಿಡಪ್ಪಾ. ಅವರಿಗೇ ಬೇಕಂತೆ."

ಸಹಿ ಹಾಕಿ ಕಾಗದ ವಾಪಸ್ ಕೊಟ್ಟಳು. ಸುರೇಶ್ ಹೋದ ಮೇಲೆ ಅಡುಗೆಮನೆಗೆ ಹೋಗಿ, ಅಕ್ಕಿ ತೊಳೆಯುತ್ತಾ, ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ನಿಂತಳು.

ಅವನು ಬರುತ್ತಾನೆ ಎಂದು ಒಂದು ವರ್ಷ ಕಾದಳು. ಬಂದರೆ ಏನು ಬೈಯಬೇಕು ಎಂದೂ ಯೋಚಿಸಿಟ್ಟಿದ್ದಳು. ಅವನು ಬರಲಿಲ್ಲ.

ಎರಡು ಸಂಬಂಧ ಬಂದವು. ಬೇಡ ಅಂದಳು. ಅಪ್ಪ ಮೂರನೆಯದನ್ನು ಹುಡುಕುತ್ತಿದ್ದಾಗಲೇ ಎದೆನೋವಿನಿಂದ ತೀರಿಕೊಂಡರು. ಫ್ಯಾಕ್ಟರಿಯೇ ಯಶವಂತಪುರದಿಂದ ಬೇರೆ ಊರಿಗೆ ಎತ್ತಂಗಡಿಯಾಯಿತು. ಅವಳು ಜಕ್ಕೂರಿನಲ್ಲೇ ಚಿಕ್ಕ ಹೊಲಿಗೆ ಅಂಗಡಿ ಇಟ್ಟಳು. ಹೊಸದಾಗಿ ಎದ್ದ ಅಪಾರ್ಟ್‌ಮೆಂಟುಗಳ ಹೆಂಗಸರು ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬರುತ್ತಿದ್ದರು. ಒಂದಿಂಚು ಮಡಚು, ಹೊಲಿ. ಒಂದಿಂಚು ಮಡಚು, ಹೊಲಿ. ಹೊಸದಾಗಿ ಏನನ್ನೂ ಹೊಲಿಯಬೇಕೆಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ.

* * *

2019ರ ಜನವರಿ. ಒಂದು ಬೆಳಗ್ಗೆ ಅಂಗಡಿ ಮುಂದೆ ಆಟೋ ನಿಂತಿತು. ಇಳಿದವರು ನರ್ಸ್ ನೂರ್‌ಜಹಾನ್. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಹುಡುಕಿ ಹುಡುಕಿ ಸಾಕಾಯ್ತು ಕಣಮ್ಮಾ. ನಾನು ರಿಟೈರ್ ಆದೆ. ಈಗ ಯಾರ ಭಯಾನೂ ಇಲ್ಲ, ಅದಕ್ಕೇ ಬಂದೆ."

ಕುರ್ಚಿಯಲ್ಲಿ ಕೂತು ನೀರು ಕುಡಿದರು.

"ಆ ಪೇಟೆಂಟ್ ಇನ್ನೂ ಮಂಜೂರಾಗಿಲ್ಲ. ಇನ್ನು ಕೆಲವು ತಿಂಗಳಲ್ಲಿ ಆಗುತ್ತಂತೆ. ಅಷ್ಟರೊಳಗೆ ನೀನು ಅರ್ಜಿ ಹಾಕಿದ್ರೆ ನಿನ್ನ ಹೆಸರು ಸೇರಿಸ್ತಾರಂತೆ. ನಂದಕುಮಾರ್ ಎಲ್ಲ ತಯಾರಿ ಮಾಡಿಟ್ಟಿದ್ದಾನೆ. ನಿನ್ನ ಮುಂದೆ ಬರೋಕೆ ಮುಖ ಇಲ್ಲ ಅಂತ ನನ್ನ ಕಳ್ಸಿದ."

"ನನ್ನ ಹತ್ರ ಸೈನ್ ಹಾಕಿಸ್ಕೊಂಡಿದ್ದೂ ಅವರೇ. ಈಗ ಇದೇನು ಹೊಸ ನಾಟಕ?"

ನೂರ್‌ಜಹಾನ್ ಲೋಟ ಕೆಳಗಿಟ್ಟರು.

"ಅವನಾ? ಯಾರು ಹೇಳಿದ್ದು ನಿನಗೆ? ಆ ಕಾಗದ ತಗೊಂಡು ಹೋಗು ಅಂತ ಡಾಕ್ಟರ್ ಮೊದಲು ಅವನಿಗೇ ಹೇಳಿದ್ದು. ಹೋಗಲ್ಲ ಅಂದ. 'ನಾನು ಸಹಿ ಹಾಕಿದ್ದೇ ಸುಳ್ಳಿಗೆ' ಅಂದ. ಅವತ್ತೇ ಕೆಲಸ ಬಿಟ್ಟು ಹೋದ, ನನ್ನ ಕಣ್ಣೆದುರಿಗೆ. ನಿನ್ನ ಅಡ್ರೆಸ್ ನಿಮ್ಮಕ್ಕನ ಡಿಸ್ಚಾರ್ಜ್ ಫೈಲಲ್ಲಿತ್ತು ಕಣಮ್ಮಾ."

ರಾಧಾಮಣಿಯ ಕಾಲು ಮೆಷಿನ್ನಿನ ಪೆಡಲ್ ಮೇಲೆ ಹಾಗೇ ನಿಂತುಬಿಟ್ಟಿತು.

'ಏಳು ವರ್ಷ... ಯಾವನೋ ಗುಮಾಸ್ತ ಹೇಳಿದ ಒಂದು ಮಾತನ್ನ ನಂಬ್ಕೊಂಡು...'

ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಮೊದಲನೆಯ ಸಹಿ ಅವನೇ ಹಾಕಿದ್ದಲ್ಲವೇ. ಅದು ಸುಳ್ಳಲ್ಲ.

* * *

ಯಲಹಂಕದ ಒಂದು ಹೋಟೆಲ್‌ನಲ್ಲಿ ಭೇಟಿಯಾದರು. ಅವನೀಗ ಮಾಕಳಿಯ ಕಂಪನಿಯೊಂದರಲ್ಲಿ ಆಸ್ಪತ್ರೆಗಳ ಸ್ಕ್ಯಾನಿಂಗ್ ಮೆಷಿನ್ ರಿಪೇರಿ ಮಾಡುತ್ತಿದ್ದ. ಮನೆ ಮಾತ್ರ ಹೆಬ್ಬಾಳದಲ್ಲೇ. ಕೂದಲು ಹಿಂದೆ ಸರಿದಿತ್ತು, ಕನ್ನಡಕ ಬಂದಿತ್ತು. ಅವಳನ್ನು ನೋಡಿದವನೇ ಎದ್ದು ನಿಂತ, ಕೂರಲು ಮರೆತ.

"ಕೂತ್ಕೊಳ್ಳಿ. ಎಲ್ಲರೂ ನೋಡ್ತಿದ್ದಾರೆ."

ಕಾಫಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ಹೆಬ್ಬಾಳದಿಂದ ಜಕ್ಕೂರಿಗೆ ಎಷ್ಟು ದೂರ?" ಎಂದು ಕೇಳಿದಳು.

"ರಾಧಾ..."

"ಬಸ್ಸಲ್ಲಿ ಅರ್ಧ ಗಂಟೆ. ಏಳು ವರ್ಷ ಬೇಕಾಯ್ತು ನಿಮಗೆ."

"ಎರಡು ಸಲ ಬಂದಿದ್ದೆ. ಕೆರೆ ಏರಿವರೆಗೂ. ಏನು ಹೇಳ್ಬೇಕೋ ತಿಳೀಲಿಲ್ಲ. ವಾಪಸ್ ಹೋದೆ."

"ನಮ್ಮಪ್ಪ ಸತ್ತಾಗ?"

"ಗೊತ್ತಾಗಿದ್ದು ಆರು ತಿಂಗಳಾದ ಮೇಲೆ. ಆಗ ಬಂದಿದ್ದೇ ಎರಡನೇ ಸಲ."

"ಕೆಲಸ ಬಿಟ್ಟಿದ್ದನ್ನಾದ್ರೂ ಹೇಳ್ಬೋದಿತ್ತಲ್ಲ. ನಿಮ್ಮನ್ನ ಅಷ್ಟು ಕೆಟ್ಟೋರು ಅಂದ್ಕೊಂಡು ಬದುಕೋದು ನನಗೆ ತಪ್ತಿತ್ತು."

ಅವನು ಲೋಟದ ಅಂಚನ್ನು ಬೆರಳಿಂದ ಸವರುತ್ತಾ ಕೂತ.

"ಹೇಳಿದ್ರೆ ನೀನು ಕ್ಷಮಿಸಿಬಿಡ್ತಿದ್ದೆ. ನಿನ್ನ ಹೆಸರು ವಾಪಸ್ ತರದೆ ಆ ಕ್ಷಮೆ ತಗೊಳ್ಳೋಕೆ ನನಗೆ ಹಕ್ಕಿಲ್ಲ ಅನ್ಸಿತ್ತು."

"ಅದನ್ನೂ ನೀವೇ ತೀರ್ಮಾನ ಮಾಡಿದ್ರಿ" ಅಂದಳು ರಾಧಾಮಣಿ. "ಸೈನ್ ಮಾಡುವಾಗಲೂ ನನ್ನ ಕೇಳ್ಲಿಲ್ಲ. ದೂರ ಇರುವಾಗಲೂ ನನ್ನ ಕೇಳ್ಲಿಲ್ಲ. ಎರಡೂ ಸಲ ನನ್ನ ಒಳ್ಳೇದಕ್ಕೇ ಅಂತ ಅಂದ್ಕೊಂಡಿದ್ರಿ, ಅಲ್ವಾ?"

ಅವನ ಕಣ್ಣು ತುಂಬಿತು. ಅವಳು ನೋಡಿದಳು, ಆದರೆ ಸಮಾಧಾನ ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಲೂ ಇಲ್ಲ. ಕಾಫಿ ಲೋಟ ಪಕ್ಕಕ್ಕೆ ಸರಿಸಿ ಕೇಳಿದಳು.

"ಅರ್ಜಿಗೆ ಏನೇನು ಬೇಕು?"

"ನಿನ್ನ ಸಹಿ. ಮತ್ತೆ ಏನಾದ್ರೂ ಸಾಕ್ಷಿ."

"ಪ್ರತಿ ತುಂಡಿನ ಜೋಡಿ ಇದೆ ನನ್ನ ಹತ್ರ. ತಾರೀಖಿನ ಚೀಟಿ ಸಮೇತ. ನೂರಾ ನಲವತ್ತು ತುಂಡು."

"ಬಿಸಾಡಿರ್ಲಿಲ್ವಾ?"

"ನಿಮ್ಮ ಮೇಲಿನ ಕೋಪನ ಬಟ್ಟೆ ಮೇಲೆ ಯಾಕೆ ತೋರಿಸ್ಲಿ?"

* * *

ಏಪ್ರಿಲ್‌ನಲ್ಲಿ ಚೆನ್ನೈನ ಪೇಟೆಂಟ್ ಆಫೀಸಿನಲ್ಲಿ ವಿಚಾರಣೆ. ಅಧಿಕಾರಿಯ ಮೇಜಿನ ಒಂದು ಕಡೆ ಆಸ್ಪತ್ರೆಯ ವಕೀಲರು, ಇನ್ನೊಂದು ಕಡೆ ಇವರಿಬ್ಬರು. ರಾಧಾಮಣಿ ಕನ್ನಡದಲ್ಲಿ ಹೇಳಿದಳು, ನಂದಕುಮಾರ್ ಇಂಗ್ಲಿಷಿನಲ್ಲಿ ತಿಳಿಸಿದ.

ಅವಳು ತುಂಡುಗಳನ್ನು ತಾರೀಖಿನ ಕ್ರಮದಲ್ಲಿ ಮೇಜಿನ ಮೇಲೆ ಹರಡಿದಳು. ದಾರ ತುಂಡಾದ ನಾಲ್ಕು ತಿಂಗಳು. ಆಮೇಲೆ ಬಾಬಿನ್ನಿನ ಮೊದಲ ತುಂಡು. ಅಧಿಕಾರಿ ಒಂದನ್ನು ಎತ್ತಿ ಎಳೆದು ನೋಡಿದರು. ಬಟ್ಟೆ ಹಿಗ್ಗಿತು, ಹಾವಿನಂತಿದ್ದ ಹೊಲಿಗೆ ನೇರವಾಯಿತು, ಬಿಟ್ಟಾಗ ಮತ್ತೆ ಮಡಚಿಕೊಂಡಿತು.

ವಕೀಲರು ಅವಳ ಹಳೇ ಸಹಿಯ ಕಾಗದ ಮುಂದಿಟ್ಟರು. "ಕೂಲಿಗೆ ಹೊಲಿದುಕೊಟ್ಟೆ ಅಂತ ನೀವೇ ಬರೆದುಕೊಟ್ಟಿದ್ದೀರಿ."

"ಹೌದು, ಸಹಿ ನನ್ನದೇ. ಹೊಲಿದಿದ್ದಕ್ಕೆ ಕೂಲಿ ಕೊಟ್ರು ಅಂತ ಅದ್ರಲ್ಲಿದೆ. ಯೋಚ್ನೆ ಯಾರದ್ದು ಅಂತ ಅದ್ರಲ್ಲಿ ಎಲ್ಲಿದೆ, ತೋರ್ಸಿ."

ವಕೀಲರು ನಂದಕುಮಾರ್ ಕಡೆ ತಿರುಗಿದರು.

"2012ರಲ್ಲಿ, ಕಂಡುಹಿಡಿದವರು ನಾವಿಬ್ಬರೇ ಎಂದು ನೀವು ಸಹಿ ಹಾಕಿದ್ದೀರಿ. ಓದಿಯೇ ಹಾಕಿದ್ರಾ?"

"ಓದಿಯೇ ಹಾಕಿದೆ."

"ಹಾಗಾದ್ರೆ ಅದು ಸತ್ಯವೋ, ಸುಳ್ಳೋ?"

ಆ ಒಂದು ಮಾತು ದಾಖಲೆಗೆ ಹೋದರೆ ಯಾವ ಆಸ್ಪತ್ರೆಯೂ ಅವನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅವನ ಮುಖ ನೋಡಿದಳು. ಅವತ್ತು ವೇದಿಕೆಯ ಮೇಲೆ ಬಗ್ಗಿದ್ದ ತಲೆ ಇವತ್ತು ಬಗ್ಗಲಿಲ್ಲ.

"ಸುಳ್ಳು" ಅಂದ ನಂದಕುಮಾರ್. "ಕೆಲಸ ಹೋಗುತ್ತೆ ಅಂತ ಹೆದರಿ ಸುಳ್ಳಿಗೆ ಸಹಿ ಹಾಕಿದೆ. ಆ ಹೊಲಿಗೆ ಇವರ ಯೋಚನೆ. ಇವರಿಲ್ಲದಿದ್ರೆ ಈ ಬಟ್ಟೆಯೇ ಇರ್ತಿರಲಿಲ್ಲ."

ಇಂಗ್ಲಿಷಿನಲ್ಲಿ ಹೇಳಿದ. ಅವಳಿಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ.

ವಾಪಸ್ ಬರುವ ರೈಲಿನಲ್ಲಿ ಎದುರುಬದುರು ಕೂತಿದ್ದರು. ಕಾಟ್ಪಾಡಿ ದಾಟಿದ ಮೇಲೆ ಅವಳು ಬುತ್ತಿ ಬಿಚ್ಚಿ, ಅರ್ಧ ಚಿತ್ರಾನ್ನ ಮುಚ್ಚಳಕ್ಕೆ ಹಾಕಿ ಅವನ ಕಡೆ ಸರಿಸಿದಳು.

* * *

ಜೂನ್‌ನಲ್ಲಿ ಅವನ ಕೆಲಸ ಹೋಯಿತು. ಇವನನ್ನು ಕಳಿಸಬೇಡಿ ಎಂದು ಆಸ್ಪತ್ರೆಯವರು ಕಂಪನಿಗೆ ಬರೆದಿದ್ದರಂತೆ.

ಸೆಪ್ಟೆಂಬರ್‌ನಲ್ಲಿ ಆದೇಶ ಬಂತು. ಕಂಡುಹಿಡಿದವರ ಪಟ್ಟಿಯಲ್ಲಿ ಮೂರನೇ ಹೆಸರು ಸೇರಿತು. ಅದೇ ವಾರ ನೂರ್‌ಜಹಾನ್ ಫೋನ್ ಮಾಡಿದರು. ಆ ಬನಿಯನ್ ತಯಾರಿಸುವ ಯೋಚನೆಯನ್ನು ಆಸ್ಪತ್ರೆ ಯಾವತ್ತೋ ಕೈಬಿಟ್ಟಿತ್ತು. ವಾರ್ಡಿನಲ್ಲೀಗ ಹೊರದೇಶದಿಂದ ತರಿಸಿದ ಬೇರೆ ಬಗೆಯ ಸ್ಟಿಕ್ಕರ್. ಸ್ವಲ್ಪ ಮೆತ್ತಗಿದೆಯಂತೆ, ಆದರೂ ಕೆಲವು ಮಕ್ಕಳಿಗೆ ಗಾಯ ಆಗುತ್ತದಂತೆ.

ಸಂಜೆ ನಂದಕುಮಾರ್ ಅಂಗಡಿಗೆ ಬಂದ. ಗಿರಾಕಿಗಳಿರಲಿಲ್ಲ. ಅವಳು ಆದೇಶದ ಪ್ರತಿಯನ್ನು ಮೆಷಿನ್ ಮೇಲೆ ಹರಡಿಕೊಂಡು ಕೂತಿದ್ದಳು.

"ಖುಷಿ ಆಗ್ಬೇಕಿತ್ತು ಅಲ್ವಾ?" ಅಂದಳು. "ಏನೂ ಅನ್ನಿಸ್ತಿಲ್ಲ. ಯಾವ ಮಗುನೂ ಅದನ್ನ ಹಾಕ್ಕೊಳ್ಳಲ್ಲ. ನಮ್ಮಪ್ಪ ಇದನ್ನ ನೋಡಲ್ಲ. ನಿಮಗೆ ಕೆಲಸ ಇಲ್ಲ. ಒಂದು ಹೆಸರಿಗೆ ಇಷ್ಟೆಲ್ಲ ಹೋಯ್ತು."

"ಹೆಸರು ಬೇಡವಾಗಿತ್ತಾ?"

"ಬೇಕಿತ್ತು. ನನ್ನದು ಅದು." ಕಾಗದ ಮಡಚಿಟ್ಟಳು. "ಆದ್ರೆ ಅವತ್ತೇ ಬೇಕಿತ್ತು."

ಅವನು ಬಾಗಿಲಲ್ಲೇ ನಿಂತಿದ್ದ.

"ನಾನು ಒಂದು ಮಾತು ಕೇಳ್ಬೇಕು. ಈ ಸಲ ನಾನೇ ತೀರ್ಮಾನ ಮಾಡ್ಕೊಂಡು ಹೋಗಲ್ಲ. ನೀನು ಏನಂದ್ರೂ ಸರಿ."

"ಕೇಳಿ."

"ನನ್ನ ಹತ್ರ ಈಗ ಏನೂ ಇಲ್ಲ. ನಿನ್ನ ಮೇಲಿನ ಪ್ರೀತಿ ಮಾತ್ರ ಹಂಗೇ ಇದೆ. ಅದನ್ನ ಹೇಳೋಕೆ ಬಾಯಿ ಬರ್ತಿರ್ಲಿಲ್ಲ ಇಷ್ಟು ದಿನ. ಮದ್ವೆ ಆಗ್ತೀಯಾ ರಾಧಾ?"

ಹೊರಗೆ ಬಸ್ಸೊಂದು ಹೋಯಿತು. ಅವಳಿಗೆ ಮೂವತ್ತಮೂರು. ಕೋಪ ಇನ್ನೂ ಇತ್ತು, ಅದು ಎಲ್ಲಿಗೂ ಹೋಗಿರಲಿಲ್ಲ. ಆದರೆ ಇವನು ಎದುರಿಗಿಲ್ಲದ ದಿನಗಳಲ್ಲಿ ಆ ಕೋಪವನ್ನು ಹೊತ್ತುಕೊಂಡು ತಿರುಗಿ ಅವಳಿಗೆ ಸುಸ್ತಾಗಿತ್ತು.

"ನಾನು ಮರ್ತಿಲ್ಲ" ಅಂದಳು.

"ಮರೀಬೇಡ."

"ಜಗಳ ಆದಾಗೆಲ್ಲ ಅದನ್ನೇ ಎತ್ತಿ ಆಡ್ತೀನಿ."

"ಆಡು."

"ಅಡುಗೆ ಉಪ್ಪಾಯ್ತು ಅಂದ್ರೂ ಆಡ್ತೀನಿ."

"ಉಪ್ಪಾಯ್ತು ಅಂತ ನಾನು ಹೇಳಲ್ಲ."

ಮೇಜಿನಡಿ ಇದ್ದ ಸ್ಟೂಲನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. ಅವನು ಒಳಗೆ ಬಂದು ಕೂತ. ಅವಳ ಕೈ ಹಿಡಿಯಲು ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿದ. ಉಳಿದರ್ಧ ದೂರ ಅವಳ ಕೈ ಬಂತು.

"ಎಷ್ಟು ವರ್ಷ ಆಡ್ತೀಯಾ?" ಎಂದು ಮೆಲ್ಲಗೆ ಕೇಳಿದ.

"ಏಳು ವರ್ಷ ಅಂತೂ ಖಂಡಿತ."

"ಆಮೇಲೆ?"

"ಆಮೇಲೆ ನೋಡೋಣ" ಅಂದಳು ರಾಧಾಮಣಿ. "ಮೊದಲು ಏಳು ವರ್ಷ ಜೊತೇಲಿರಿ."